ಬಯಲಿಗೆ ಬೀಗ



‘ಸಮಕಾಲೀನ ಕಲೆ ಮತ್ತು ಸಾರ್ವಜನಿಕ ಅಂಗಳ’ ಎಂಬ ವಿಷಯದ ಸಂಕಿರಣವನ್ನು ಚಿಕ್ಕಬಳ್ಳಾಪುರದ ಸ್ಕಂದಗಿರಿಯ ತಪ್ಪಲಿಗೆ ತಂದ ಸಂಘಟಕರಿಗೆ ಅಭಿನಂದನೆ. ಇಂಥ ಮಾತುಕತೆ ಬೆಂಗಳೂರಿನ ಎ.ಸಿ. ಸಭಾಂಗಣ ಬಿಟ್ಟು ಹೊರಬರುವುದೇ ಅಪರೂಪ. ಆಶಯ ಭಾಷಣಕ್ಕೆ ನನ್ನನ್ನು ಕರೆದದ್ದು ವಯಸ್ಸಿಗೆ ಕೊಟ್ಟ ಮರ್ಯಾದೆ. ಆ ಸಲಿಗೆಯಲ್ಲೇ ಸ್ವಲ್ಪ ಜಗಳ ತೆಗೆಯುತ್ತೇನೆ.

ಈ ಕ್ಷೇತ್ರದಲ್ಲಿ ಯಾರು ಏನು ಬರೆದಿದ್ದಾರೆ ಎಂದು ನಾನು ಪಟ್ಟಿ ಒಪ್ಪಿಸುವುದಿಲ್ಲ. ಬಯಲು ನಾಟಕದ ಬಗ್ಗೆ ನಮಗೆಲ್ಲ ಪಾಠ ಹೇಳಿದವರು ಎರಡನೆಯ ಸಾಲಿನಲ್ಲಿ ಕೂತಿದ್ದಾರೆ. ನಗರದ ಗೋಡೆಚಿತ್ರಗಳನ್ನು ಬೀದಿ ಬೀದಿ ಅಲೆದು ದಾಖಲಿಸಿದ ಮೇಡಂ ಅಲ್ಲಿ ಕಿಟಕಿಯ ಪಕ್ಕ ಇದ್ದಾರೆ. ಇಬ್ಬರ ಋಣವೂ ನನ್ನ ಮೇಲಿದೆ. ಆದರೆ ಅವರೂ ಸೇರಿದಂತೆ ನಮ್ಮೆಲ್ಲರ ಮೇಲೆ ನನ್ನದು ಹಳೆಯ ತಕರಾರು. ಅಂಗಳದಲ್ಲಿ ಏನು ನಡೆಯಿತು ಎಂದು ಬರೆಯುತ್ತ ಬಂದೆವು. ಏನೂ ನಡೆಯದ ದಿನ ಆ ಅಂಗಳ ಯಾರದು ಎಂದು ಕೇಳಲಿಲ್ಲ.

ದಾರಿ ಎಲ್ಲಿ ತಪ್ಪಿತು? ನನ್ನ ಪ್ರಕಾರ ಒಂದು ದೊಡ್ಡ ಯಶಸ್ಸಿನಲ್ಲಿ. 1972ರಲ್ಲಿ ರಂಗನಿರ್ದೇಶಕ ಬಿ.ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಆಡಿಸಿದರು. ಕಟ್ಟಡ ಪಕ್ಕದಲ್ಲೇ ಇದ್ದರೂ ಅದಕ್ಕೆ ಬೆನ್ನು ಹಾಕಿ ನಾಟಕ ಹೊರಗೆ ಬಂತು. ಕನ್ನಡ ರಂಗಭೂಮಿಯ ದಿಕ್ಕೇ ಬದಲಾಯಿತು. ಆ ಆವರಣದಲ್ಲಿ ಈಗ ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರವಿದೆ. ಅಲ್ಲಿಂದಾಚೆ ತಾಲ್ಲೂಕಿಗೊಂದು ಬಯಲು ರಂಗಮಂದಿರ ಬೇಕು ಎಂಬ ಬೇಡಿಕೆ ಹುಟ್ಟಿತು. ಕಾರಂತರು ಬಯಲಿಗೆ ಯಾಕೆ ಬಂದರು ಎಂಬುದನ್ನು ಬಿಟ್ಟು ಮೆಟ್ಟಿಲುಗಳನ್ನು ಮಾತ್ರ ನಕಲು ಮಾಡಿದೆವು. ಒಂದು ಕಾಂಕ್ರೀಟ್ ವೇದಿಕೆ, ಎದುರಿಗೆ ಅರ್ಧಚಂದ್ರಾಕಾರದ ಮೆಟ್ಟಿಲು, ಸುತ್ತ ಕಾಂಪೌಂಡು, ಕಾಂಪೌಂಡಿಗೊಂದು ಗೇಟು.

ಊರಿನ ಹೆಸರು ಹೇಳದೆ ಒಂದು ಪ್ರಸಂಗ ಹೇಳುತ್ತೇನೆ. ವಿದ್ಯಾರ್ಥಿಗಳೊಂದಿಗೆ ಇಂಥದೊಂದು ರಂಗಮಂದಿರ ನೋಡಲು ಹೋಗಿದ್ದೆ. ಬೀಗ ಹಾಕಿತ್ತು. ಒಳಗೆ ಆಳೆತ್ತರ ಪಾರ್ಥೇನಿಯಂ. ಹೊರಗೆ ರಸ್ತೆಬದಿಯ ಚರಂಡಿ ಕಲ್ಲಿನ ಮೇಲೆ ಊರಿನ ಹುಡುಗರು ಸಾಲಾಗಿ ಕೂತಿದ್ದರು. ಕಾವಲುಗಾರರನ್ನು ಹುಡುಕಿ ಕೇಳಿದರೆ ಅವರು ನಮ್ಮನ್ನೇ ವಿಚಿತ್ರವಾಗಿ ನೋಡಿದರು: “ಪ್ರೋಗ್ರಾಮ್ ಇಲ್ದಿದ್ಮೇಲೆ ಬೀಗ ಯಾಕ್ ತೆಗೀಬೇಕು ಸಾರ್? ತೆಗುದ್ರೆ ಜನ ಬಂದ್ ಕೂತ್ಕೊಂಡ್ಬುಡ್ತಾರೆ!”

ನಗುತ್ತೀರಿ, ನಗಿ. ಆದರೆ ನಮ್ಮ ಅನುದಾನದ ಅರ್ಜಿಗಳೂ ಸಂಶೋಧನಾ ಪ್ರಬಂಧಗಳೂ ಹೇಳುವುದು ಆ ಮಾತನ್ನೇ. ವರ್ಷಕ್ಕೆ ಎಷ್ಟು ಕಾರ್ಯಕ್ರಮ, ಎಷ್ಟು ಕಲಾವಿದರು, ಎಷ್ಟು ಪ್ರೇಕ್ಷಕರು? ಸುಮ್ಮನೆ ಬಂದು ಕೂತವರಿಗೆ ಆ ನಮೂನೆಯಲ್ಲಿ ಕಾಲಂ ಇಲ್ಲ.

ಬೆಂಗಳೂರು ಇದಕ್ಕಿಂತ ಮುಂದೆ ಹೋಗಿದೆಯೇ? ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆ ಜನರದಾಗುತ್ತದೆ, ಮರುದಿನ ವಾಹನಗಳದು. 2013ರಲ್ಲಿ ಎಂ.ಜಿ. ರಸ್ತೆಯ ಮೆಟ್ರೋ ಹಳಿಯ ಕೆಳಗೆ ‘ರಂಗೋಲಿ’ ಕಲಾ ಕೇಂದ್ರ ಶುರುವಾದಾಗ ನನಗೆ ನಿಜವಾಗಿ ಆಸೆ ಹುಟ್ಟಿತ್ತು. ರೈಲಿಗೆ ಹೊರಟವರು ದಾರಿಯಲ್ಲೇ ಚಿತ್ರ ನೋಡುವುದು ಸಣ್ಣ ಸಂಗತಿಯಲ್ಲ. ಹಳೆಯ ಸೆಂಟ್ರಲ್ ಜೈಲಿನ ಜಾಗದಲ್ಲಿ ಫ್ರೀಡಂ ಪಾರ್ಕ್ ಬಂತು. ಜೈಲು ಅಂಗಳವಾಯಿತೆಂದು ಸಂಭ್ರಮಿಸಿದೆವು. 2021ರಲ್ಲಿ ಆದೇಶವೊಂದು ಬಂದ ಮೇಲೆ ನಗರದ ಪ್ರತಿಭಟನೆಗಳೆಲ್ಲ ಅಲ್ಲೇ ನಡೆಯಬೇಕು, ಅದೂ ಅನುಮತಿ ಪಡೆದು. ಇಡೀ ಊರಿಗೆ ಕೂಗಲು ಒಂದೇ ಜಾಗ, ಅದೂ ಹಳೆಯ ಜೈಲಿನೊಳಗೆ!

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಊಟಕ್ಕೆ ಮುದ್ದೆ, ಬಸ್ಸಾರು ಇದೆಯೆಂದು ಗೊತ್ತಿದೆ, ತಡ ಮಾಡುವುದಿಲ್ಲ. ಆದರೆ ಈ ಜಿಲ್ಲೆಗೆ ಬಂದು ವಿದುರಾಶ್ವತ್ಥದ ಹೆಸರೆತ್ತದೆ ಇಳಿದರೆ ತಪ್ಪಾಗುತ್ತದೆ.

1938ರ ಏಪ್ರಿಲ್ 25. ಗೌರಿಬಿದನೂರು ತಾಲ್ಲೂಕಿನ ಆ ಕ್ಷೇತ್ರದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಜನ ಮಾಡಿದ ಅಪರಾಧ ಇಷ್ಟೇ: ನಿಷೇಧ ಮೀರಿ ಬಯಲಿನಲ್ಲಿ ಸೇರಿದರು, ಬಾವುಟ ಏರಿಸಲು ಹೊರಟರು. ಮುಂದಿನ ತಿಂಗಳು ದಿವಾನ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಮಿರ್ಜಾ–ಪಟೇಲ್ ಒಪ್ಪಂದವಾಗಿ, ಮೈಸೂರು ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ದಾರಿಯಾಯಿತು. ಬಯಲಿನಲ್ಲಿ ಸೇರುವ ಹಕ್ಕಿಗೆ ಈ ಮಣ್ಣು ಪ್ರಾಣದ ಬೆಲೆ ಕೊಟ್ಟಿದೆ.

ಅದೇ ಆವರಣದಲ್ಲಿ ಇನ್ನೊಂದನ್ನೂ ನೋಡಿ. ಹರಕೆ ಹೊತ್ತವರು ತಲೆಮಾರುಗಳಿಂದ ತಂದು ನಿಲ್ಲಿಸಿದ ನಾಗರಕಲ್ಲುಗಳು ರಾಶಿ ರಾಶಿ ಇವೆ. ಆಯ್ಕೆ ಸಮಿತಿ ಇರಲಿಲ್ಲ, ಉದ್ಘಾಟನೆಯ ಕಲ್ಲು ಇರಲಿಲ್ಲ. ಮನೆ ಮನೆಯವರು ಸೇರಿ ಕಟ್ಟಿದ ಶಿಲ್ಪ ಸಂಗ್ರಹ ಅದು. ಹಳೆಯ ಅಶ್ವತ್ಥ ಮರ 2001ರಲ್ಲಿ ಉರುಳಿತು. ಕಲ್ಲು ನಿಲ್ಲಿಸುವುದು ನಿಲ್ಲಲಿಲ್ಲ. ಸಮಕಾಲೀನ ಕಲಾವಿದರು ‘ಜನರ ಸಹಭಾಗಿತ್ವ’ ಎಂದು ಪ್ರಾಜೆಕ್ಟ್ ಬರೆಯುವ ಮೊದಲು ಇಲ್ಲಿ ಬಂದು ಒಂದು ದಿನ ಕೂರಬೇಕು.

ಹಾಗಾದರೆ ಹಳೆಯ ಅರಳಿಕಟ್ಟೆಗೇ ಮರಳೋಣವೇ? ಇಲ್ಲಿಯೇ ನಾನು ಪ್ರತಿ ಸಲ ಸಿಕ್ಕಿಬೀಳುವುದು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹೆಮ್ಮೆಪಟ್ಟೆವು. ಆದರೆ ತಮಟೆ ಬಡಿದು ಊರು ಸೇರಿಸಿದವರಿಗೆ ಎಷ್ಟು ಊರುಗಳ ಕಟ್ಟೆಯ ಮೇಲೆ ಕೂರಲು ಜಾಗವಿತ್ತು? ಕಟ್ಟೆಗೆ ಗೇಟಿರಲಿಲ್ಲ, ಬೀಗ ಇತ್ತು; ಕಣ್ಣಿಗೆ ಕಾಣುತ್ತಿರಲಿಲ್ಲ. ಸರ್ಕಾರ ಕಟ್ಟಿದ ಅಂಗಳಕ್ಕೆ ಕಣ್ಣಿಗೆ ಕಾಣುವ ಬೀಗ. ಅದನ್ನು ತೆಗೆಯಿರಿ ಎಂದು ಅರ್ಜಿಯನ್ನಾದರೂ ಕೊಡಬಹುದು. ಜಾತಿಯ ಬೀಗಕ್ಕೆ ಅರ್ಜಿ ಯಾರಿಗೆ ಕೊಡುವುದು? ಇಲಾಖೆಯೂ ಹಿಡಿಯದ, ಊರ ಗೌಡರೂ ಹಿಡಿಯದ ಅಂಗಳವನ್ನು ಗುಡಿಸುವವರು ಯಾರು, ದೀಪ ಹಾಕುವವರು ಯಾರು, ಅಲ್ಲಿಟ್ಟ ಶಿಲ್ಪವನ್ನು ಕಾಯುವವರು ಯಾರು? ಹೆಣ್ಣುಮಕ್ಕಳು ಸಂಜೆ ಏಳರ ಮೇಲೂ ನಿಶ್ಚಿಂತೆಯಿಂದ ಕೂರುವಂತೆ ನೋಡಿಕೊಳ್ಳುವವರು ಯಾರು? ನನ್ನ ಬಳಿ ಉತ್ತರವಿಲ್ಲ. ಇದ್ದಿದ್ದರೆ ಸಂಕಿರಣ ಬೇಕಿರಲಿಲ್ಲ, ಒಂದು ಸುತ್ತೋಲೆ ಸಾಕಿತ್ತು.

ಆದ್ದರಿಂದ ಪ್ರಬಂಧ ಮಂಡಿಸುವ ಎಲ್ಲರಲ್ಲೂ ನನ್ನ ಮನವಿ ಒಂದೇ. ನೀವು ಯಾವ ಅಂಗಳದ ಬಗ್ಗೆ ಮಾತಾಡಿದರೂ, ಅದರ ವಿನ್ಯಾಸ, ಅಲ್ಲಿಯ ಕಲಾಕೃತಿ, ಅಲ್ಲಿ ಸೇರಿದ ಜನಸಂದಣಿಯ ಚಿತ್ರ ತೋರಿಸುವ ಮೊದಲು ಎರಡು ಮಾತು ಹೇಳಿ: ಕಾರ್ಯಕ್ರಮವಿಲ್ಲದ ಮಂಗಳವಾರ ಮಧ್ಯಾಹ್ನ ಅಲ್ಲಿಗೆ ಯಾರು ಬರುತ್ತಾರೆ, ಯಾರನ್ನು ಯಾರು ಎಬ್ಬಿಸಿ ಕಳಿಸುತ್ತಾರೆ. ಚಿಕ್ಕಬಳ್ಳಾಪುರಕ್ಕೆ ಒಂದು ಕಲಾ ಅಂಗಳ ಬೇಕೆಂದು ನಾಳೆ ನೀವು ಠರಾವು ಮಾಡುವುದಾದರೆ ನನ್ನ ಸಹಿ ಈಗಲೇ ತೆಗೆದುಕೊಳ್ಳಿ. ನಕ್ಷೆಯಲ್ಲಿ ಮಾತ್ರ ಕಾಂಪೌಂಡ್ ಗೋಡೆ ಬರೆಯಬೇಡಿ.