ಆಟದ ಜೀವಿಗಳ ಕೋಶ, ನಮ್ಮೂರ ಜೀವಿಗಳ ದಾಖಲೆ

(ಮಳಗಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಡು, ನೀರು, ಬೀಜಗಳ ಕುರಿತು ಮಾತನಾಡಬೇಕಾದ ಈ ವೇದಿಕೆಯಲ್ಲಿ ವಿಡಿಯೋ ಗೇಮಿನ ಮಾತೆತ್ತಿದರೆ ಹಿರಿಯರಿಗೆ ಅಚ್ಚರಿಯಾದೀತು. ಮಕ್ಕಳು ಮೊಬೈಲಿನಲ್ಲಿ ಮುಳುಗಿ ಕಾಡನ್ನು ಮರೆತರು ಎಂಬ ದೂರನ್ನು ನಾವೆಲ್ಲ ಹೇಳುತ್ತಲೇ ಬಂದಿದ್ದೇವೆ. ಇಂದು ಆ ದೂರನ್ನು ಪಕ್ಕಕ್ಕಿಟ್ಟು, ಆಟವಾಡುವವರಿಂದ ನಾವು ಕಲಿಯಬೇಕಾದ ಒಂದು ಕೆಲಸವನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಪೊಕೆಮಾನ್ ಎಂಬ ಆಟದ ಹೆಸರನ್ನು ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಅನೇಕರು ಕೇಳಿರಬಹುದು. ಜಪಾನಿನಲ್ಲಿ 1996ರ ಫೆಬ್ರವರಿಯಲ್ಲಿ ಹೊರಬಂದ ಆಟವಿದು. ಊರಿಂದೂರಿಗೆ ಅಲೆಯುತ್ತ, ಹುಲ್ಲಿನಲ್ಲಿ, ಗುಹೆಯಲ್ಲಿ, ನೀರಿನಲ್ಲಿ ಅಡಗಿರುವ ವಿಚಿತ್ರ ಜೀವಿಗಳನ್ನು ಹಿಡಿದು, ಪಳಗಿಸಿ, ಪಟ್ಟಿ ಮಾಡುವುದೇ ಇದರ ತಿರುಳು. ಮೊದಲು 151 ಬಗೆಯ ಜೀವಿಗಳಿದ್ದವು. ಈಗ ಆ ಸಂಖ್ಯೆ ಸಾವಿರವನ್ನು ದಾಟಿದೆ. ಇದನ್ನು ಕಲ್ಪಿಸಿದ ಸತೋಶಿ ತಾಜಿರಿ ಅವರು ಟೋಕಿಯೋ ನಗರದ ಅಂಚಿನ ಮಚಿದಾ ಎಂಬಲ್ಲಿ ಬೆಳೆದವರು. ಬಾಲ್ಯದಲ್ಲಿ ಅವರಿಗೆ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುವ ಗೀಳು. ಅವರು ಬೆಳೆದಂತೆ ನಗರವೂ ಬೆಳೆಯಿತು. ಕೊಳಗಳೂ ಬಯಲುಗಳೂ ಇದ್ದಲ್ಲಿ ಕಟ್ಟಡಗಳೆದ್ದವು. ತಾನು ಉಂಡ ಆ ಸಂತೋಷ ಮುಂದಿನ ಮಕ್ಕಳಿಗೆ ಆಟದಲ್ಲಾದರೂ ದೊರೆಯಲಿ ಎಂಬ ಹಂಬಲ ಈ ಆಟದ ಹಿಂದಿತ್ತು. ಕೊಳ ಮುಚ್ಚಿಹೋದ ಮೇಲೆ ಹುಟ್ಟಿದ ಆಟವಿದು ಎಂಬುದನ್ನು ನಾವು ಮರೆಯಬಾರದು.

2004ರ ಕೊನೆಯಲ್ಲಿ ಈ ಆಟದ ಅಭಿಮಾನಿಗಳು ಅಂತರ್ಜಾಲದಲ್ಲಿ ಬಲ್ಬಪೀಡಿಯಾ ಎಂಬ ವಿಶ್ವಕೋಶವನ್ನು ಕಟ್ಟತೊಡಗಿದರು. ಇದು ಆಟದ ಕಂಪನಿಯು ಮಾಡಿಸಿದ ಕೆಲಸವಲ್ಲ. ಬರೆಯುವವರು ಸಂಬಳಕ್ಕೆ ಬರೆಯುವವರಲ್ಲ. 2003ರಲ್ಲಿ ಆರಂಭವಾದ ನಮ್ಮ ಕನ್ನಡ ವಿಕಿಪೀಡಿಯವು ಯಾವ ತಂತ್ರಾಂಶದಲ್ಲಿ ನಡೆಯುತ್ತದೆಯೋ ಅದೇ ತಂತ್ರಾಂಶದಲ್ಲಿ ಇದೂ ನಡೆಯುತ್ತದೆ. ಜರ್ಮನ್, ಫ್ರೆಂಚ್, ಇಟಾಲಿಯನ್ ಭಾಷೆಗಳಲ್ಲಿಯೂ ಅಭಿಮಾನಿಗಳು ಇಂಥವೇ ಕೋಶಗಳನ್ನು ಕಟ್ಟಿಕೊಂಡಿದ್ದಾರೆ.

ಅದರಲ್ಲಿ ಒಂದೊಂದು ಜೀವಿಗೂ ಒಂದೊಂದು ಪುಟ. ಎಲ್ಲ ಪುಟಗಳಿಗೂ ಒಂದೇ ಚೌಕಟ್ಟು: ಜೀವಿಯ ಕ್ರಮಸಂಖ್ಯೆ, ಅದು ಎಲ್ಲಿ ಸಿಗುತ್ತದೆ, ಬೆಳೆದಾಗ ಯಾವ ರೂಪ ತಾಳುತ್ತದೆ, ಬೇರೆ ಬೇರೆ ಭಾಷೆಗಳಲ್ಲಿ ಅದರ ಹೆಸರೇನು, ಆ ಹೆಸರಿನ ಹುಟ್ಟು ಯಾವುದು. ಮೊದಲ ಸಂಖ್ಯೆಯ ಬಲ್ಬಸಾರ್ ಬೆನ್ನ ಮೇಲೆ ಬೀಜ ಹೊತ್ತು ಹುಟ್ಟುವ ಜೀವಿ. ಅದರ ಜಪಾನಿ ಹೆಸರಿನಲ್ಲಿಯೂ ‘ಬೀಜ’ ಎಂಬರ್ಥದ ಪದವಿದೆ. ಪ್ಯಾರಾಸ್ ಎಂಬುದು ಬೆನ್ನ ಮೇಲೆ ಅಣಬೆ ಹೊತ್ತ ಹುಳುವಿನಂಥ ಜೀವಿ. ಅದು ಬೆಳೆದು ಪ್ಯಾರಾಸೆಕ್ಟ್ ಆಗುವ ಹೊತ್ತಿಗೆ ಹುಳುವಿಗೆ ಸ್ವಂತ ಬುದ್ಧಿಯೇ ಉಳಿಯುವುದಿಲ್ಲ, ಅಣಬೆಯೇ ಒಡೆಯ. ಕೀಟದ ಮೈಯೊಳಗೆ ಬೆಳೆದು ಅದನ್ನು ಕೊಲ್ಲುವ ನಿಜವಾದ ಶಿಲೀಂಧ್ರವೊಂದು ಈ ಕಲ್ಪನೆಗೆ ಮೂಲವೆಂದು ಅಭಿಮಾನಿಗಳು ಗುರುತಿಸಿ ಬರೆದಿದ್ದಾರೆ.

ಕೃಷಿ ವಿಜ್ಞಾನಿಯಾದ ನನಗೆ ಇದನ್ನು ಓದಿದಾಗ ನಮ್ಮ ತೋಟ ನೆನಪಾಯಿತು. ಅಡಿಕೆಯ, ಕಬ್ಬಿನ ಬೇರು ಕಡಿಯುವ ಗೊಣ್ಣೆಹುಳುವಿನ ಹತೋಟಿಗೆ ನಾವು ಬಳಸಲು ಹೇಳುವ ಮೆಟಾರೈಜಿಯಂ ಕೂಡ ಇದೇ ಬಗೆಯ ಶಿಲೀಂಧ್ರ. ಮಣ್ಣಿನಲ್ಲಿ ಹಸಿರು ಬೂಷ್ಟು ಹಿಡಿದು ಸತ್ತ ಹುಳುವನ್ನು ತಮ್ಮಲ್ಲಿ ಕೆಲವರು ಕಂಡಿರಲೂಬಹುದು. ಆಟದ ಹುಳುವಿಗೆ ಒಂದು ಪುಟವಿದೆ, ಅದನ್ನು ತಿದ್ದಲು ನೂರು ಜನರಿದ್ದಾರೆ. ನಮ್ಮ ತೋಟದ ಹುಳುವಿಗೆ ನಮ್ಮೂರಿನಲ್ಲಿ ಒಂದು ಸಾಲಾದರೂ ಇದೆಯೇ?

ಈ ಕೋಶದ ಬಲವಿರುವುದು ತಿದ್ದುಪಡಿಯಲ್ಲಿ. ಯಾರು, ಯಾವ ದಿನ, ಏನನ್ನು ಬದಲಿಸಿದರು ಎಂಬುದು ಪ್ರತಿ ಪುಟದ ಹಿಂದೆ ದಾಖಲಾಗಿರುತ್ತದೆ. ತಪ್ಪನ್ನು ಇನ್ನೊಬ್ಬರು ತೆಗೆಯಬಹುದು. ಆದರೆ ತಪ್ಪು ನಡೆದಿತ್ತು ಎಂಬುದು ಅಳಿಸಿಹೋಗುವುದಿಲ್ಲ. ಭಿನ್ನಾಭಿಪ್ರಾಯವಿದ್ದರೆ ಚರ್ಚೆಗೆ ಬೇರೆಯೇ ಪುಟವಿದೆ. ‘ನನಗೆ ಗೊತ್ತು’ ಎಂದರೆ ಅಲ್ಲಿ ಸಾಲದು; ಯಾವ ಆಟದಲ್ಲಿ, ಎಲ್ಲಿ ಕಂಡೆ ಎಂದು ಹೇಳಬೇಕು. ಮತ್ತೊಬ್ಬನು ಅದನ್ನೇ ಆಡಿ ನೋಡಿ ಹೌದು ಅಥವಾ ಅಲ್ಲ ಎನ್ನುತ್ತಾನೆ. ವಿಜ್ಞಾನದ ಶಿಸ್ತು ಎಂದರೆ ಇದೇ ಅಲ್ಲವೇ?

ಇಂಗ್ಲೆಂಡಿನ ಕೇಂಬ್ರಿಜ್‌ನ ಆಂಡ್ರ್ಯೂ ಬಾಮ್‌ಫರ್ಡ್ ಮತ್ತು ಸಂಗಡಿಗರು 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪೊಕೆಮಾನ್ ಚಿತ್ರಗಳನ್ನೂ ಆ ನಾಡಿನ ಗಿಡ, ಪ್ರಾಣಿ, ಕೀಟಗಳ ಚಿತ್ರಗಳನ್ನೂ ತೋರಿಸಿ ಹೆಸರು ಕೇಳಿದರು. ಎಂಟು ವರ್ಷದ ಮಕ್ಕಳು ನೂರಕ್ಕೆ 78ರಷ್ಟು ಆಟದ ಜೀವಿಗಳನ್ನು ಗುರುತಿಸಿದರು. ನಿಜ ಜೀವಿಗಳನ್ನು ಗುರುತಿಸಿದ್ದು ನೂರಕ್ಕೆ ಸುಮಾರು 53ರಷ್ಟು ಮಾತ್ರ. ಇದನ್ನು ಮಕ್ಕಳ ಮೇಲಿನ ದೂರಾಗಿ ಓದಬಾರದೆಂದು ನನ್ನ ವಿನಂತಿ. ಮಕ್ಕಳಿಗೆ ನೂರಾರು ಜೀವಿಗಳನ್ನು ನೆನಪಿಡುವ ಶಕ್ತಿಯಿದೆ ಎಂಬುದಕ್ಕೆ ಇದು ಪುರಾವೆ. ನಮ್ಮ ಜೀವಿಗಳನ್ನು ಅವರ ಕೈಗೆ ಕೊಡುವ ಕೆಲಸದಲ್ಲಿ ಸೋತವರು ನಾವು, ದೊಡ್ಡವರು.

ಹಾಗೆ ಕೊಡುವ ಪುಸ್ತಕವೊಂದು ಕಾನೂನಿನಲ್ಲಿಯೇ ಇದೆ. 1990ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಹಾಗೂ ಅವರ ಸಂಗಡಿಗರು ಹಳ್ಳಿಗರೊಡನೆ ಕುಳಿತು ಜನತಾ ಜೀವವೈವಿಧ್ಯ ದಾಖಲಾತಿಯನ್ನು ರೂಪಿಸಿದರು. 2002ರ ಜೀವವೈವಿಧ್ಯ ಕಾಯಿದೆ ಮತ್ತು 2004ರ ನಿಯಮಗಳು ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನರೊಡನೆ ಸಮಾಲೋಚಿಸಿ ದಾಖಲಾತಿ ಸಿದ್ಧಪಡಿಸಬೇಕು ಎಂದವು. ಹದಿನೈದು ವರ್ಷ ಕಳೆದರೂ ಬಹುಪಾಲು ಕಡೆ ಕೆಲಸ ನಡೆಯಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದಿತು. ಆಗ ದೇಶದಾದ್ಯಂತ ದಾಖಲಾತಿಗಳು ಅವಸರದಲ್ಲಿ ಸಿದ್ಧವಾದವು.

ಅಂಥ ಒಂದು ದಾಖಲಾತಿಯನ್ನು ನಾನು ತಿರುವಿ ನೋಡಿದ್ದೇನೆ. ಊರಿನ ಹೆಸರು ಬೇಡ. ಬೇರೊಂದು ಪಂಚಾಯಿತಿಯ ಪಟ್ಟಿಯೇ ಅಕ್ಷರಶಃ ಅಲ್ಲಿತ್ತು. ಊರಿನ ನಾಟಿವೈದ್ಯರನ್ನು ಯಾರೂ ಮಾತನಾಡಿಸಿರಲಿಲ್ಲ. ತಪ್ಪುಗಳನ್ನು ತೋರಿಸಿದಾಗ, ಬೈಂಡಿಂಗ್ ಆಗಿಹೋಗಿದೆ, ಇನ್ನು ತಿದ್ದಲಾಗದು ಎಂಬ ಉತ್ತರ ಬಂತು. ಕೋಪ ಬಂದದ್ದು ನಿಜ. ಆದರೆ ಆ ವೈದ್ಯರ ಜಗಲಿಯಲ್ಲಿ ಕುಳಿತು ಕೇಳಿ ಬರೆದುಕೊಳ್ಳುವ ಕೆಲಸವನ್ನು ನಾನೂ ಅಲ್ಲಿಯವರೆಗೆ ಮಾಡಿರಲಿಲ್ಲ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ನಮ್ಮ ಧರ್ಮಾ ನದಿ ಸೇರುವ ವರದೆಯ ಬಯಲಿನಲ್ಲಿ ನೆರೆಯಲ್ಲಿ ಮುಳುಗಿದರೂ ಬದುಕಿ ಏಳುವ ನೆರೆಗುಳಿ ಭತ್ತವಿದೆ. ಅಘನಾಶಿನಿಯ ಗಜನಿಯಲ್ಲಿ ಉಪ್ಪುನೀರು ತಾಳುವ ಕಗ್ಗವಿದೆ. ಇಂಥ ತಳಿಗಳ ಗುಣವನ್ನು ಮೊದಲು ಕಂಡುಕೊಂಡವರು ರೈತರು. ಸ್ಥಳೀಯ ಜೀವಸಂಪನ್ಮೂಲ ಮತ್ತು ಅದರ ಕುರಿತ ಜ್ಞಾನದ ಬಳಕೆಗೆ ಅನುಮತಿ ನೀಡುವ ಮುನ್ನ ಮೇಲಿನ ಮಂಡಳಿಗಳು ಊರಿನ ಸಮಿತಿಯೊಡನೆ ಸಮಾಲೋಚಿಸಬೇಕೆಂದು ಕಾಯಿದೆ ಹೇಳುತ್ತದೆ. ಇದು ನಮ್ಮದು, ನಮ್ಮ ಅಜ್ಜಿಯರು ಕಾಪಾಡಿದ್ದು ಎಂದು ಆಗ ತೋರಿಸಲು ಪುಸ್ತಕದಲ್ಲಿ ನೆರೆಯೂರಿನ ನಕಲು ಮಾತ್ರ ಇದ್ದರೆ ನಾವು ಏನನ್ನು ತೋರಿಸೋಣ?

ಆಟದ ಕೋಶಕ್ಕೂ ನಮ್ಮ ದಾಖಲೆಗೂ ಎರಡು ವ್ಯತ್ಯಾಸಗಳಿವೆ. ಆಟದ ಜೀವಿ ಅಳಿಯುವುದಿಲ್ಲ. ಇಂದು ಬರೆಯದಿದ್ದರೆ ನಾಳೆ ಬರೆಯಬಹುದು. ನಮ್ಮಲ್ಲಿ ಒಂದು ತಳಿ ಒಂದೇ ಮನೆಯ ಪಣತದಲ್ಲಿ ಉಳಿದಿರಬಹುದು; ಒಂದು ಮದ್ದು ಒಬ್ಬರೇ ಹಿರಿಯರಿಗೆ ತಿಳಿದಿರಬಹುದು. ಎರಡನೆಯದು, ಆಟದ ಕೋಶದಲ್ಲಿ ಎಲ್ಲವನ್ನೂ ಬಯಲಿಗಿಡಬಹುದು, ನಮ್ಮಲ್ಲಿ ಹಾಗಲ್ಲ. ಮಂಗಟ್ಟೆ ಹಕ್ಕಿಯ ಹೆಣ್ಣು ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುತ್ತದೆ. ಗಂಡು ಹಣ್ಣು ತಂದು ಉಣಿಸುತ್ತದೆ. ಇದನ್ನು ಬರೆಯೋಣ, ಆದರೆ ಆ ಮರ ಎಲ್ಲಿದೆ ಎಂಬುದು ಊರಿನೊಳಗೇ ಇರಲಿ. ನಾಟಿವೈದ್ಯರ ಮದ್ದಿನ ವಿವರವೂ ಅವರ ಒಪ್ಪಿಗೆಯಿಲ್ಲದೆ ಪುಟ ಸೇರಬಾರದು.

ಹಾಗಾದರೆ ಮಳಗಿಯಲ್ಲಿ ನಾವೇನು ಮಾಡಬಹುದು? ದೊಡ್ಡ ಯೋಜನೆ ಬೇಡ. ಶಾಲೆಯಲ್ಲಿ ಒಂದು ದಪ್ಪ ನೋಟ್‌ಬುಕ್ ಇರಲಿ. ಬಲಪುಟದಲ್ಲಿ ಒಂದು ಜೀವಿ. ಎಡಪುಟ ತಿದ್ದುಪಡಿಗಾಗಿ ಖಾಲಿ. ಯಾರು ಹೇಳಿದರು, ಯಾರು ಕಂಡರು, ಯಾವ ದಿನ, ಯಾವ ಜಾಗ ಎಂಬುದಿಲ್ಲದ ಸಾಲು ಬೇಡ. ಹೆಸರುಗಳನ್ನು ಎಲ್ಲ ಮನೆಮಾತುಗಳಲ್ಲಿಯೂ ಬರೆಯೋಣ. ಕನ್ನಡ, ಕೊಂಕಣಿ, ಮರಾಠಿ, ಲಂಬಾಣಿ, ಉರ್ದು, ಗೌಳಿಗರ ಮಾತು, ಸಿದ್ದಿಯರ ಮಾತು, 1966ರಿಂದ ನಮ್ಮ ತಾಲೂಕಿನಲ್ಲಿ ನೆಲೆಸಿರುವ ಟಿಬೆಟನ್ನರ ಮಾತು: ಇಷ್ಟು ಭಾಷೆಗಳು ಒಂದು ತಾಲೂಕಿನಲ್ಲಿರುವುದು ನಮ್ಮ ಭಾಗ್ಯ. ಧರ್ಮಾ ಜಲಾಶಯದ ದಂಡೆಯಿಂದಲೇ ಆರಂಭಿಸಬಹುದು. ಅತ್ತಿವೇರಿಯ ಪಕ್ಷಿಧಾಮ ನೋಡಲು ಹೋದಾಗಲೂ ಪುಸ್ತಕ ಜೊತೆಗಿರಲಿ. ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ, ತಪ್ಪುಗಳನ್ನು ಎಲ್ಲರೆದುರು ತಿದ್ದೋಣ. ಹೀಗೆ ತಿದ್ದಿದ ಪುಟಗಳನ್ನು ಪಂಚಾಯಿತಿಯ ದಾಖಲಾತಿಗೆ ಸೇರಿಸಬೇಕೆಂದು ಸಮಿತಿಯನ್ನು ಕೇಳುವ ಹಕ್ಕು ನಮಗಿದೆ.

ವಿದ್ಯಾರ್ಥಿ ಮಿತ್ರರೇ, ಮುಂದಿನ ಸಭೆಗೆ ಬರುವಾಗ ನೀವು ತಲಾ ಒಂದು ಪುಟ ಬರೆದು ತನ್ನಿರಿ. ಹಿರಿಯರೇ, ಅದರಲ್ಲಿ ತಪ್ಪಿದ್ದರೆ ಗದರಬೇಡಿ. ಪಕ್ಕದಲ್ಲಿ ಕುಳಿತು ಎಡಪುಟದಲ್ಲಿ ಬರೆಸಿರಿ. ಎಲ್ಲಿಯೂ ಇಲ್ಲದ ಜೀವಿಗಳಿಗಾಗಿ ದೂರದೂರದ ಅಪರಿಚಿತರು ಇಷ್ಟು ಶ್ರದ್ಧೆಯಿಂದ ದುಡಿದಿದ್ದಾರೆ. ನಮ್ಮ ಅಂಗಳದಲ್ಲಿಯೇ ಇರುವ ಜೀವಿಗಳಿಗಾಗಿ ಒಂದೇ ಊರಿನವರಾದ ನಾವು ಅಷ್ಟು ಮಾಡಲಾರೆವೇ?