ಕರ್ಮಶಾಸ್ತ್ರವೂ ರಸಾಯನ ಶಾಸ್ತ್ರವೂ: ನಾವೇ ಕಟ್ಟಿದ ಗೋಡೆ

(ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳು ಹಾಗೂ ಹೆತ್ತವರಿಗಾಗಿ ಏರ್ಪಡಿಸಲಾದ ಶೈಕ್ಷಣಿಕ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮದ್ರಸದಲ್ಲಿ ಕಲಿತು, ಕಲಾ ವಿಭಾಗದಲ್ಲಿ ಪದವಿ ಪಡೆದ ನಮ್ಮನ್ನು ರಸಾಯನ ಶಾಸ್ತ್ರದ ಕುರಿತು ಮಾತನಾಡಲು ಕರೆದಿರುವುದು ನಿಮಗೆ ವಿಚಿತ್ರವಾಗಿ ಕಾಣಬಹುದು. ನಾವಿಲ್ಲಿಗೆ ಪಾಠ ಮಾಡಲು ಬಂದಿಲ್ಲ. ನಮ್ಮದೊಂದು ಕೊರತೆಯನ್ನು ಒಪ್ಪಿಕೊಳ್ಳಲು ಬಂದಿದ್ದೇವೆ.

ಕೆಲವು ತಿಂಗಳ ಹಿಂದೆ ಒಂದು ಸಭೆಯಲ್ಲಿ ಓರ್ವ ತಾಯಿ ವಿನೆಗರ್ ಸೀಸೆಯನ್ನು ತೋರಿಸಿ, 'ಇದು ಮದ್ಯದಿಂದ ಆಗುವುದಂತೆ. ಉಪ್ಪಿನಕಾಯಿಗೆ ಹಾಕಬಹುದೇ ಉಸ್ತಾದರೇ?' ಎಂದು ಕೇಳಿದರು. ಮದ್ಯವು ತಾನಾಗಿ ಸಿರ್ಕಾ ಆದರೆ ಅದು ಶುದ್ಧ, ಸಿರ್ಕಾವನ್ನು ಪ್ರವಾದಿ(ಸ)ರು ಒಳ್ಳೆಯ ವ್ಯಂಜನವೆಂದು ಹೊಗಳಿದ್ದಾರೆ ಎಂದು ನಾವು ಉತ್ತರಿಸಿದೆವು. ಅವರು ಬಿಡಲಿಲ್ಲ. 'ಆಗುವುದೆಂದರೆ ಏನಾಗುತ್ತದೆ?' ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅವರ ಪಕ್ಕದಲ್ಲಿ ಕುಳಿತಿದ್ದ, ಹತ್ತನೆಯ ತರಗತಿಯ ಮಗಳು ಪುಸ್ತಕದಲ್ಲಿ ಒಂದು ಸಾಲು ಬರೆದು ತೋರಿಸಿದಳು. ಸಭೆ ಮುಗಿದ ಮೇಲೆ ಆ ತಾಯಿಯೇ ಹೇಳಿದರು: 'ಇವಳನ್ನು ಪಿಯುಸಿಯಲ್ಲಿ ವಿಜ್ಞಾನಕ್ಕೆ ಸೇರಿಸುವುದಿಲ್ಲ. ಕಾಲೇಜು ದೂರ, ಖರ್ಚೂ ಹೆಚ್ಚು.'

ಆಕೆ ಬರೆದ ಸಾಲು ಇಷ್ಟೇ: ಎಥನಾಲ್ ಮತ್ತು ಆಮ್ಲಜನಕ ಸೇರಿ ಅಸಿಟಿಕ್ ಆಮ್ಲ ಮತ್ತು ನೀರು ಆಗುತ್ತದೆ. ಎಥನಾಲ್ ಎಂದರೆ ಅಮಲೇರಿಸುವ ವಸ್ತು. ಅದರ ಒಂದು ಅಣುವಿನಲ್ಲಿ ಇಂಗಾಲದ 2, ಜಲಜನಕದ 6, ಆಮ್ಲಜನಕದ 1 ಪರಮಾಣುಗಳಿವೆ. ಅಸಿಟಿಕ್ ಆಮ್ಲದಲ್ಲಿ ಇಂಗಾಲ 2, ಜಲಜನಕ 4, ಆಮ್ಲಜನಕ 2. ಇಂಗಾಲದ ಬೆನ್ನೆಲುಬು ಹಾಗೆಯೇ ಉಳಿದಿದೆ. ಅದರ ಒಂದು ತುದಿಯಲ್ಲಿದ್ದ ಗುಂಪು ಮಾತ್ರ ಬದಲಾಗಿದೆ. ಆದರೆ ಗುಣವೇ ಬೇರೆಯಾಯಿತು. ಒಂದು ಬುದ್ಧಿಯನ್ನು ಕೆಡಿಸುತ್ತದೆ, ಇನ್ನೊಂದು ಉಪ್ಪಿನಕಾಯಿಯನ್ನು ಕಾಯುತ್ತದೆ. ನಮ್ಮ ಕರ್ಮಶಾಸ್ತ್ರದಲ್ಲಿ ವಸ್ತುವಿನ ಸ್ವರೂಪವೇ ಬದಲಾಗುವುದಕ್ಕೆ 'ಇಸ್ತಿಹಾಲಾ' ಎನ್ನುತ್ತಾರೆ. ಸಾವಯವ ರಸಾಯನ ಶಾಸ್ತ್ರದ ಮೊದಲ ಪಾಠವೂ ಇದುವೇ.

ಇನ್ನೊಂದು ವಿಷಯ. ಶಾಫಿಈ ಮಝ್‌ಹಬ್‌ನಲ್ಲಿ ಮದ್ಯಕ್ಕೆ ಬೇರೇನನ್ನೋ ಹಾಕಿ ಸಿರ್ಕಾ ಮಾಡಿದರೆ ಅದು ಶುದ್ಧವಾಗದು. ಹನಫೀ ಮಝ್‌ಹಬ್‌ನಲ್ಲಿ ಶುದ್ಧವಾಗುತ್ತದೆ. ಹದಿಮೂರನೆಯ ಶತಮಾನದ ಇಮಾಮ್ ನವವಿಯವರ 'ಮಿನ್ಹಾಜ್' ಗ್ರಂಥದಲ್ಲಿ, ಮದ್ಯವನ್ನು ಬಿಸಿಲಿನಿಂದ ನೆರಳಿಗೋ ನೆರಳಿನಿಂದ ಬಿಸಿಲಿಗೋ ಸ್ಥಳಾಂತರಿಸಿದ ಕಾರಣ ಅದು ಸಿರ್ಕಾ ಆದರೆ ಶುದ್ಧವೆಂಬ ಅಭಿಪ್ರಾಯಕ್ಕೆ ಪ್ರಾಶಸ್ತ್ಯವಿದೆ. ಈ ಮಸ್‌ಅಲೆಯನ್ನು ನಾವು ಬಾಯಿಪಾಠ ಮಾಡಿದ್ದೆವು. ಆದರೆ ಅದನ್ನು ಬಿಸಿಲಿಗೆ ಯಾಕಾದರೂ ಒಯ್ಯಬೇಕು ಎಂದು ಒಂದು ದಿನವೂ ಕೇಳಲಿಲ್ಲ.

ಉತ್ತರವು ಕ್ರಿಯಾವೇಗದ ಪಾಠದಲ್ಲಿದೆ. ಅಣುಗಳು ಪರಸ್ಪರ ಡಿಕ್ಕಿಯಾದರೆ ಮಾತ್ರ ರಾಸಾಯನಿಕ ಕ್ರಿಯೆ ನಡೆಯುತ್ತದೆ. ಆ ಡಿಕ್ಕಿಯಲ್ಲಿ ಸಾಕಷ್ಟು ಶಕ್ತಿಯೂ ಇರಬೇಕು. ಉಷ್ಣತೆ ಏರಿದಾಗ ಅಂತಹ ಶಕ್ತಿಯುಳ್ಳ ಅಣುಗಳು ಹೆಚ್ಚುತ್ತವೆ. ಅನೇಕ ಕ್ರಿಯೆಗಳಲ್ಲಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ವೇಗವು ಸುಮಾರು ಇಮ್ಮಡಿಯಾಗುತ್ತದೆ. ಬೇಸಿಗೆಯಲ್ಲಿ ಹಾಲು ಬೇಗನೆ ಒಡೆಯುವುದೂ, ಫ್ರಿಜ್‌ನಲ್ಲಿ ಉಳಿಯುವುದೂ ಇದರಿಂದಲೇ. ಗಾಳಿಗೆ ತೆರೆದುಕೊಂಡ ಮೇಲ್ಮೈ ಹೆಚ್ಚಿದ್ದರೂ ಸಿರ್ಕಾ ಬೇಗ ಆಗುತ್ತದೆ, ಏಕೆಂದರೆ ಅದಕ್ಕೆ ಆಮ್ಲಜನಕ ಬೇಕು. ಕಿರಿದಾದ ಬಾಯಿಯ ಭರಣಿಗಿಂತ ಅಗಲ ಪಾತ್ರೆಯಲ್ಲಿ ಕೆಲಸ ಬೇಗ ಮುಗಿಯುತ್ತದೆ. ಮೂರನೆಯದು ವೇಗವರ್ಧಕ. ಅದು ತಾನು ಮುಗಿದುಹೋಗದೆ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಸಿರ್ಕಾದಲ್ಲಿ ಈ ಕೆಲಸವನ್ನು ಬ್ಯಾಕ್ಟೀರಿಯಾಗಳೊಳಗಿನ ಕಿಣ್ವಗಳು ಮಾಡುತ್ತವೆ. ಇದರ ಹಿಂದೆ ಸೂಕ್ಷ್ಮಜೀವಿಗಳಿವೆ ಎಂದು ಲೂಯಿ ಪಾಶ್ಚರ್ 1860ರ ದಶಕದಲ್ಲಿ ತೋರಿಸಿದರು. ಹಾಗೆಂದು ಭರಣಿಯನ್ನು ಕುದಿಸಿದರೆ ಸಿರ್ಕಾ ಬೇಗ ಆಗದು. ಬ್ಯಾಕ್ಟೀರಿಯಾ ಸತ್ತು ಕ್ರಿಯೆಯೇ ನಿಲ್ಲುತ್ತದೆ.

ಆ ತಾಯಿಯ ಸೀಸೆಯ ಮೇಲೆ 'ಸಿಂಥೆಟಿಕ್ ವಿನೆಗರ್' ಎಂದು ಬರೆದಿತ್ತು. ಅಂದರೆ ಕಾರ್ಖಾನೆಯ ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು. ಆ ಆಮ್ಲವನ್ನು ಆಲ್ಕೋಹಾಲಿನಿಂದಲೂ ಮಾಡುತ್ತಾರೆ, ಮದ್ಯದ ಸಂಬಂಧವೇ ಇಲ್ಲದ ಮೆಥನಾಲ್ ಮತ್ತು ಕಾರ್ಬನ್ ಮೊನಾಕ್ಸೈಡ್‌ನಿಂದಲೂ ಮಾಡುತ್ತಾರೆ. ಒಂದು ಕಾಲದಲ್ಲಿ ಇಂತಹ ವಸ್ತುಗಳು ಜೀವಿಗಳ ದೇಹದಲ್ಲಿ ಮಾತ್ರ ಹುಟ್ಟಬಲ್ಲವು ಎಂಬ ನಂಬಿಕೆಯಿತ್ತು. 1828ರಲ್ಲಿ ವೋಲರ್ ಯೂರಿಯಾವನ್ನೂ, 1845ರಲ್ಲಿ ಕೋಲ್ಬೆ ಅಸಿಟಿಕ್ ಆಮ್ಲವನ್ನೂ ಪ್ರಯೋಗಶಾಲೆಯಲ್ಲಿ ತಯಾರಿಸಿ ಆ ನಂಬಿಕೆಯನ್ನು ಅಲುಗಾಡಿಸಿದರು. ಹಾದಿ ಯಾವುದಾದರೂ ಅಣು ಒಂದೇ. ತೀರ್ಪು ನೀಡುವುದು ಉಲಮಾಗಳ ಹೊಣೆ. ಆದರೆ ಸೀಸೆಯಲ್ಲಿ ಏನಿದೆಯೆಂದು ತಿಳಿಯದೆ ತೀರ್ಪು ನೀಡುವುದು ಹೇಗೆ? ಜಿಲೆಟಿನ್, ಔಷಧಿ, ಸುಗಂಧದ್ರವ್ಯ ಇವೆಲ್ಲದರ ಪ್ರಶ್ನೆಗಳು ನಾಳೆ ಇದೇ ಮೇಜಿಗೆ ಬರಲಿವೆ.

ಸಹೋದರರೇ, ನಮ್ಮ ವೇದಿಕೆಗಳಲ್ಲಿ ಜಾಬಿರ್ ಬಿನ್ ಹಯ್ಯಾನ್‌ರ ಹೆಸರು ಮೊಳಗುತ್ತದೆ. ಆಲ್ಕಲಿ, ಆಲ್ಕೋಹಾಲ್ ಎಂಬ ಪದಗಳು ಅರಬಿಯಿಂದ ಬಂದವೆಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಅಬೂಬಕರ್ ರಾಝಿ ವಸ್ತುಗಳನ್ನು ಪ್ರಾಣಿಜನ್ಯ, ಸಸ್ಯಜನ್ಯ, ಖನಿಜಜನ್ಯ ಎಂದು ವಿಂಗಡಿಸಿದ್ದೂ ನಿಜ, ಉಪಕರಣಗಳನ್ನು ಒಂದೊಂದಾಗಿ ವಿವರಿಸಿದ್ದೂ ನಿಜ. ಆದರೆ ಅವರು ಒಲೆಯ ಮುಂದೆ ಕುಳಿತು ಕೈ ಸುಟ್ಟುಕೊಂಡು ಕಲಿತವರು. ನಾವು ಅವರ ಹೆಸರನ್ನು ಉಳಿಸಿಕೊಂಡು, ಅವರ ಕೆಲಸವನ್ನು ಇತರರಿಗೆ ಬಿಟ್ಟುಕೊಟ್ಟೆವು. ಲೌಕಿಕ, ಧಾರ್ಮಿಕ ಎಂಬ ಗೋಡೆಯನ್ನು ನಡುವೆ ಕಟ್ಟಿದವರೂ ನಾವೇ.

2022ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಶಿರವಸ್ತ್ರದ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ತರಗತಿಯ ಹೊರಗೆ ನಿಲ್ಲಿಸಲಾಯಿತು. ಕೆಲವರು ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಯನ್ನೇ ಕಳೆದುಕೊಂಡರು. ಅದರ ವಿರುದ್ಧ ನಾವು ದನಿಯೆತ್ತಿದೆವು, ಅದು ನ್ಯಾಯವೇ ಆಗಿತ್ತು. ಆದರೆ ಯಾರ ಆದೇಶವೂ ಇಲ್ಲದೆ ನಮ್ಮ ಮನೆಯ ಬಾಗಿಲಲ್ಲೇ ಮಗಳನ್ನು ತಡೆದು ನಿಲ್ಲಿಸಿದಾಗ ದನಿಯೆತ್ತುವವರು ಯಾರು?

ನಮ್ಮ ಬೇಡಿಕೆಗಳು ಮೂರು. ಜಮಾಅತ್ ಕಮಿಟಿಗಳು ಸಮಾರಂಭದ ಖರ್ಚಿನಲ್ಲಿ ಒಂದು ಪಾಲನ್ನು ವಿಜ್ಞಾನ ಓದುವ ಬಡ ಮಕ್ಕಳ ಶುಲ್ಕಕ್ಕೂ ಪ್ರಯಾಣಕ್ಕೂ ಮೀಸಲಿಡಲಿ. ಮದ್ರಸಗಳು ವಾರಕ್ಕೊಮ್ಮೆಯಾದರೂ ವಿಜ್ಞಾನ ಶಿಕ್ಷಕರನ್ನು ಕರೆಸಿ ಉಸ್ತಾದರುಗಳ ಜೊತೆಗೆ ಕೂರಿಸಲಿ. ಹೆತ್ತವರು ಕಾಲೇಜಿನ ದೂರವನ್ನು ಅಳೆಯುವ ಮೊದಲು ಮಗುವಿನ ಆಸಕ್ತಿಯನ್ನು ಕೇಳಲಿ.

ಅಂದು ಆ ಸಭೆಯಲ್ಲಿ ಉತ್ತರ ಗೊತ್ತಿದ್ದವಳು ಒಬ್ಬಳೇ. ಅವಳ ಓದು ಅಲ್ಲಿಗೇ ನಿಂತರೆ, ಮುಂದಿನ ಸೀಸೆ ನಮ್ಮೆದುರಿಗೆ ಬಂದಾಗ ನಾವು ಮತ್ತೆ ಮೌನವಾಗಿಯೇ ಇರುತ್ತೇವೆ. ಉಪಯುಕ್ತ ಜ್ಞಾನವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.