ಮೊಬೈಲ್ ಪಾವತಿ: ಬೀಗದ ವಿಧಾನ ಬಹಿರಂಗ, ಕೀಲಿ ಮಾತ್ರ ಗುಪ್ತ
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಊರಿನ ಕಿರಾಣಿ ಅಂಗಡಿಯಲ್ಲಿಯೂ ಪಂಚಾಯಿತಿಯ ತೆರಿಗೆ ವಸೂಲಾತಿಯ ಸ್ಥಳದಲ್ಲಿಯೂ ಇಂದು ಕಾಣುವ ಕಪ್ಪು ಬಿಳುಪಿನ ಚೌಕವೇ ಕ್ಯೂಆರ್ ಕೋಡ್. ಜಪಾನಿನ ಡೆನ್ಸೊ ವೇವ್ ಸಂಸ್ಥೆಯು 1994ರಲ್ಲಿ ಇದನ್ನು ಹೊರತಂದಿತು. ಮೂಲತಃ ಇದು ವಾಹನಗಳ ಬಿಡಿಭಾಗಗಳ ಲೆಕ್ಕವಿಡುವುದಕ್ಕಾಗಿ ರೂಪುಗೊಂಡದ್ದು. ಸಂಸ್ಥೆಯು ಇದಕ್ಕೆ ಪೇಟೆಂಟ್ ಪಡೆದಿದ್ದರೂ ನಿಗದಿತ ಮಾನಕದಂತೆ ಬಳಸುವವರ ಮೇಲೆ ಆ ಹಕ್ಕನ್ನು ಚಲಾಯಿಸುವುದಿಲ್ಲವೆಂದು ಸಾರಿತು. ಆದುದರಿಂದಲೇ ನಮ್ಮ ಅಂಗಡಿಕಾರರು ಆ ಚೌಕಕ್ಕಾಗಿ ಯಾರಿಗೂ ರಾಯಧನ ತೆರಬೇಕಾಗಿಲ್ಲ.

ಪೇಟೆಂಟ್ ಎಂದರೆ ಗುಟ್ಟು ಎಂಬ ತಪ್ಪು ಕಲ್ಪನೆ ಹಲವರಲ್ಲಿದೆ. ವಾಸ್ತವದಲ್ಲಿ ಅದು ತದ್ವಿರುದ್ಧ. ಸಂಶೋಧಕನು ತನ್ನ ವಿಧಾನವನ್ನು ಸಂಪೂರ್ಣವಾಗಿ ಬರೆದು ಪ್ರಕಟಪಡಿಸಬೇಕು; ಅದಕ್ಕೆ ಪ್ರತಿಯಾಗಿ ಅರ್ಜಿಯ ದಿನಾಂಕದಿಂದ 20 ವರ್ಷಗಳ ಏಕಸ್ವಾಮ್ಯ ದೊರೆಯುತ್ತದೆ. ನಮ್ಮ ದೇಶದ 1970ರ ಪೇಟೆಂಟ್ ಅಧಿನಿಯಮದ ಕಲಂ 3(ಕೆ) ಪ್ರಕಾರ ಗಣಿತದ ವಿಧಾನ, ವ್ಯವಹಾರದ ವಿಧಾನ ಹಾಗೂ ಕೇವಲ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ. ಅಂತರ್ಜಾಲ ವ್ಯವಹಾರಗಳಲ್ಲಿ ವ್ಯಾಪಕವಾಗಿ ಬಳಕೆಯಾದ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನಕ್ಕೆ ಅಮೆರಿಕದಲ್ಲಿ 1983ರಲ್ಲಿ ಪೇಟೆಂಟ್ ದೊರೆತು, 2000ದಲ್ಲಿ ಅದರ ಅವಧಿ ಮುಗಿಯಿತು. ಅದರ ಲೆಕ್ಕಾಚಾರವನ್ನು ಇಂದು ಯಾರು ಬೇಕಾದರೂ ಓದಬಹುದು. ಆದರೂ ಬೀಗ ಮುರಿಯಲಿಲ್ಲ. ಏಕೆಂದರೆ ಭದ್ರತೆ ಇರುವುದು ಬೀಗದ ರಚನೆಯ ಗುಟ್ಟಿನಲ್ಲಲ್ಲ, ಕೀಲಿಯ ಗುಟ್ಟಿನಲ್ಲಿ.

2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಲ್ಲಿ ಇಂತಹ ಎರಡು ಬೀಗಗಳಿವೆ. ಮೊದಲನೆಯದು, ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್ ಇರುವ ಮೊಬೈಲ್. ಆ ಸಿಮ್‌ನಿಂದ ಸಂದೇಶ ಹೋದ ನಂತರವೇ ಮೊಬೈಲ್ ಖಾತೆಗೆ ಜೋಡಣೆಯಾಗುತ್ತದೆ. ಎರಡನೆಯದು, ಖಾತೆದಾರರಿಗೆ ಮಾತ್ರ ತಿಳಿದಿರುವ ಪಿನ್. ವಂಚಕನಿಗೆ ಈ ಬೀಗಗಳನ್ನು ಒಡೆಯುವ ಸಾಮರ್ಥ್ಯ ಬೇಕಾಗಿಲ್ಲ. ಕೀಲಿಯನ್ನು ನಮ್ಮ ಕೈಯಿಂದಲೇ ತಿರುಗಿಸಿದರೆ ಸಾಕು. "ನಿಮ್ಮ ಪಿಂಚಣಿ ಬಂದಿದೆ, ಪಡೆಯಲು ಪಿನ್ ಒತ್ತಿರಿ" ಎಂಬ ಒಂದು ಕರೆಗೆ ವೃದ್ಧೆಯೊಬ್ಬರ ತಿಂಗಳ ಹಣ, ಕೂಲಿಕಾರರೊಬ್ಬರ ಉದ್ಯೋಗ ಖಾತರಿ ವೇತನ ಕ್ಷಣದಲ್ಲಿ ಹೋಗಬಹುದು. ಹಣ ಪಡೆಯಲು ಪಿನ್ ಎಂದಿಗೂ ಬೇಕಾಗಿಲ್ಲ. ಈ ಒಂದು ವಾಕ್ಯ ಪ್ರತಿ ಮನೆಗೂ ತಲುಪಬೇಕು.

ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಹೊಣೆಯ ಹಂಚಿಕೆಯನ್ನು ಸ್ಪಷ್ಟಪಡಿಸಿತು. ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ ಹಣ ಹೋದಾಗ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ದೂರು ನೀಡಿದರೆ ಗ್ರಾಹಕನಿಗೆ ನಷ್ಟವಿಲ್ಲ. ಗ್ರಾಹಕನೇ ಗುಪ್ತ ಸಂಖ್ಯೆ ತಿಳಿಸಿದ್ದರೆ, ದೂರು ನೀಡುವವರೆಗಿನ ನಷ್ಟ ಅವನದೇ. ದೂರಿನ ನಂತರದ ನಷ್ಟ ಬ್ಯಾಂಕಿನದು. ಹೀಗಾಗಿ ನಾಚಿಕೆಯಿಂದ ಮುಚ್ಚಿಟ್ಟ ಪ್ರತಿ ಗಂಟೆಯೂ ನಷ್ಟಕ್ಕೆ ದಾರಿ.

ಆದಕಾರಣ ಸದಸ್ಯರು ಮೂರು ಕಾರ್ಯಗಳನ್ನು ಕೈಗೊಳ್ಳಬೇಕೆಂದು ಕೋರುತ್ತೇನೆ. ಒಂದು, ಪಂಚಾಯಿತಿಯ ಕ್ಯೂಆರ್ ಕೋಡ್ ಮೇಲೆ ಬೇರೊಂದು ಚೀಟಿ ಅಂಟಿಸಿಲ್ಲವೆಂಬುದನ್ನು ಆಗಾಗ್ಗೆ ಪರಿಶೀಲಿಸುವುದು. ಪಾವತಿಗೆ ಮುನ್ನ ಪರದೆಯಲ್ಲಿ ಪಂಚಾಯಿತಿಯ ಹೆಸರು ಕಾಣಬೇಕು, ಪಾವತಿಯ ನಂತರ ರಸೀದಿ ದೊರೆಯಬೇಕು. ಎರಡು, ಸೈಬರ್ ವಂಚನೆಯ ಸಹಾಯವಾಣಿ 1930 ಅನ್ನು ಸೂಚನಾ ಫಲಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸುವುದು. ಮೂರು, ಗ್ರಾಮಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತರುವುದು. ಹಣ ಕಳೆದುಕೊಂಡವರನ್ನು ಹಂಗಿಸದೆ, ಜೊತೆಗೆ ನಿಂತು ತಕ್ಷಣ ದೂರು ಕೊಡಿಸುವುದು.

ಬೀಗ ತಯಾರಿಸಿದವರು ತಮ್ಮ ಕೆಲಸ ಮಾಡಿದ್ದಾರೆ. ಕೀಲಿಯನ್ನು ಕಾಯುವುದನ್ನು ಜನರಿಗೆ ಕಲಿಸುವ ಹೊಣೆ ನಮ್ಮದು.